ಏಳನೇ ಫ್ಯಾನಿನ ಗಾಳಿ

"ಈ ಸಲ ಹೊಸ ಫ್ಯಾನು ಆರಿಸುವವನು ನಾನು! ನಾನೊಬ್ಬನೇ! ಯಾರೂ ಮೂಗು ತೂರಿಸಬಾರದು!" ಎಂದು ಊಟದ ಮೇಜಿಗೆ ಮುಷ್ಟಿಯಿಂದ ಗುದ್ದಿ ಘೋಷಿಸಿದೆ. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿ ನನ್ನ ತೊಡೆಯ ಮೇಲೆಯೇ ಮಗುಚಿಕೊಂಡಿತು. ನಾನು ಶಕುನ ನಂಬುವವನಲ್ಲ. ಟವೆಲ್ಲಿನಿಂದ ಒರೆಸಿಕೊಂಡು, ಈ ಬಾರಿ ಮೇಜನ್ನು ಮುಟ್ಟದೆ, ಅದೇ ಘೋಷಣೆಯನ್ನು ಇನ್ನೊಮ್ಮೆ ಮಾಡಿದೆ.

ನಮ್ಮ ನಡುಮನೆಯ ಫ್ಯಾನು ಹದಿನೆಂಟು ವರ್ಷ ತಿರುಗಿ ತಿರುಗಿ ಸುಸ್ತಾಗಿತ್ತು. ಹಿಂದಿನ ವಾರ ಎರಡು ದಿನ ಕಟಕಟ ಎಂದು, ಒಂದು ದಿನ ಕಿರ್ರೋ ಎಂದು, ಕೊನೆಗೆ ಉಸ್ಸೆಂದು ನಿಂತೇಬಿಟ್ಟಿತು. ಹೊರಗೆ ರಸ್ತೆಯ ಡಾಂಬರು ಕರಗುವಂಥ ಬಿಸಿಲು. ಒಳಗೆ ನಾವಿಬ್ಬರೂ ಮುಚ್ಚಳ ಹಾಕಿದ ಪಾತ್ರೆಯಲ್ಲಿದ್ದಂತೆ ಬೇಯುತ್ತಿದ್ದೆವು. ಹೆಂಡತಿ ಆಗಲೇ ಫೋನು ಕೈಗೆತ್ತಿಕೊಂಡಿದ್ದಳು.

"ನನ್ನ ತಮ್ಮನಿಗೆ ಒಂದು ಮಾತು ಹೇಳಿದ್ರೆ ಸಾಕು ರೀ, ಸಂಜೆಯೊಳಗೆ ತಂದು ಹಾಕಿಸಿಬಿಡ್ತಾನೆ."

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು! ನನ್ನ ಭಾವಮೈದ ಈ ಲೋಕಕ್ಕೆ ಬಂದಿರುವುದೇ ನನ್ನನ್ನು ದಡ್ಡನೆಂದು ತೋರಿಸಲಿಕ್ಕೆ. ಅವನು ಆರಿಸಿದ ಕುಕ್ಕರು ಕೂಗಬೇಕಾದಾಗಲೇ ಕೂಗುತ್ತದೆ. ಅವನು ತಂದ ಛತ್ರಿ ಎಂಥ ಗಾಳಿಗೂ ಉಲ್ಟಾ ಆಗುವುದಿಲ್ಲ. ನನ್ನ ಕಥೆ ಬೇರೆ. ನಾನು ಕೊಂಡ ಸೋಫಾ ನಮ್ಮ ಬಾಗಿಲಲ್ಲಿ ಹಿಡಿಸದೆ ಮೂರು ತಿಂಗಳು ಜಗುಲಿಯಲ್ಲಿ ವಾಸವಿದ್ದು, ಬೀದಿಯ ನಾಯಿಗಳಿಗೆಲ್ಲ ಆಶ್ರಯ ಕೊಟ್ಟು, ಕೊನೆಗೆ ಪಕ್ಕದ ಮನೆಗೆ ಹೋಯಿತು. ಅವರ ಬಾಗಿಲಲ್ಲಿ ಸಲೀಸಾಗಿ ಹಿಡಿಸಿತು! ನಾನು ತಂದ ಇಸ್ತ್ರಿಪೆಟ್ಟಿಗೆಯಲ್ಲಿ ಹಿಡಿ ಮಾತ್ರ ಬಿಸಿಯಾಗುತ್ತಿತ್ತು.

"ಸರಿ," ಎಂದಳು ಹೆಂಡತಿ, ಫೋನು ಕೆಳಗಿಟ್ಟು. "ಇದೇ ಕೊನೆ. ಈ ಫ್ಯಾನ್ ಒಂದನ್ನ ಸರಿಯಾಗಿ ಆರಿಸಿ ತೋರಿಸಿ. ಮುಂದಿನ ತಿಂಗಳು ಬರೋ ಫ್ರಿಜ್ಜು, ಆಮೇಲೆ ಮಂಚ, ಬೀರು, ಎಲ್ಲಾ ನಿಮ್ಮಿಷ್ಟ. ಇದೂ ಕೆಟ್ಟಿತೋ, ಈ ಮನೆಗೆ ಒಂದು ಗುಂಡುಸೂಜಿ ಬರಬೇಕಾದ್ರೂ ನನ್ನ ತಮ್ಮನೇ ಆರಿಸ್ತಾನೆ. ಆಗ ನೀವು ತುಟಿಪಿಟಕ್ ಅನ್ನಬಾರದು."

"ಒಪ್ಪಿದೆ!" ಎಂದೆ. ಮನೆಯ ಯಜಮಾನನ ಮಾನ ಮೂರು ರೆಕ್ಕೆಗಳ ಮೇಲೆ ನಿಂತಿತು.

ನಾನೇನು ಸಾಮಾನ್ಯನೇ? ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ಪರೀಕ್ಷಕ! ದಿನಕ್ಕೆ ನಲವತ್ತು ಬಗೆಯ ಬಿಸ್ಕತ್ತು ನನ್ನ ನಾಲಿಗೆ ದಾಟಿಯೇ ಪ್ಯಾಕೆಟ್ಟು ಸೇರಬೇಕು. ನಮ್ಮ ವಿಭಾಗದ ಪದ್ಧತಿ ಕಟ್ಟುನಿಟ್ಟು. ಮೊದಲು ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಳ್ಳಬೇಕು. ಬಣ್ಣ, ಆಕಾರ, ಹೆಸರು ಯಾವುದೂ ಕಾಣಬಾರದು, ಏಕೆಂದರೆ ಕಣ್ಣು ಲಂಚ ತಿನ್ನುತ್ತದೆ. ಆಮೇಲೆ ಒಂದೊಂದೇ ಬಿಸ್ಕತ್ತು ಕಚ್ಚಿ ನೂರಕ್ಕೆ ಇಷ್ಟು ಎಂದು ಅಂಕ ಹೇಳಬೇಕು. ಇಪ್ಪತ್ತು ವರ್ಷದ ಸೇವೆಯಲ್ಲಿ ನಾನು ಯಾವ ಬಿಸ್ಕತ್ತಿಗೂ ಎಂಬತ್ತು ದಾಟಿಸಿದವನಲ್ಲ. ಕಾರ್ಖಾನೆಯಲ್ಲಿ ನನಗೆ 'ಜುಗ್ಗ ಮೇಷ್ಟ್ರು' ಎಂಬ ಬಿರುದೇ ಇದೆ.

ಈ ಅಭ್ಯಾಸ ಮನೆಗೂ ಬಂದುಬಿಟ್ಟಿತ್ತು, ಒಪ್ಪಿಕೊಳ್ಳುತ್ತೇನೆ. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಡುವಾಗ ನನ್ನ ಬಾಯಿಂದ "ಐವತ್ತೆಂಟು" ಎಂದು ಬರುತ್ತಿತ್ತು. ಇಸ್ತ್ರಿಗೆ ಅರವತ್ತು. ಕಿಟಕಿಯ ಪರದೆಗೆ ಐವತ್ತೈದು. ಹೆಂಡತಿಗೆ ಈ ಹದಿನಾಲ್ಕು ವರ್ಷದಲ್ಲಿ ನನ್ನಿಂದ ಸಿಕ್ಕ ಅತಿ ಹೆಚ್ಚು ಅಂಕ ಅರವತ್ತೆರಡು. ಅದೂ ಒಮ್ಮೆ ನಾನು ಅವಸರದಲ್ಲಿ ಹೊರಟಾಗ ಮೈಮೇಲಿನ ಶರ್ಟಿಗೇ ಗುಂಡಿ ಹೊಲಿದುಕೊಟ್ಟಿದ್ದಕ್ಕೆ.

ಭಾನುವಾರ ಅಂಗಡಿಗೆ ನಡೆದೆವು. ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡಿದ್ದ ಸೇಲ್ಸ್‌ಮನ್ ನಗುನಗುತ್ತಾ ಎದುರಿಗೆ ಬಂದ.

"ಬನ್ನಿ ಸಾರ್, ಯಾವ ಕಲರ್ ತೋರಿಸ್ಲಿ?"

"ನನಗೆ ಬಣ್ಣ ಬೇಡ. ಗಾಳಿ ಬೇಕು."

"ಎಲ್ಲದ್ರಲ್ಲೂ ಗಾಳಿ ಬರುತ್ತೆ ಸಾರ್."

"ಬರುತ್ತೆ. ಎಷ್ಟು ಅಂಕದ ಗಾಳಿ ಬರುತ್ತೆ?"

ಅವನ ನಗು ಅರ್ಧಕ್ಕೆ ನಿಂತಿತು. ನಾನು ನನ್ನ ವಿಧಾನವನ್ನು ವಿವರಿಸಿದೆ. ಮನುಷ್ಯ ಫ್ಯಾನನ್ನು ಅನುಭವಿಸುವುದು ಮಲಗಿಕೊಂಡು. ಆದ್ದರಿಂದ ಮಲಗಿಕೊಂಡೇ ಪರೀಕ್ಷಿಸಬೇಕು! ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ಹತ್ತು ಫ್ಯಾನುಗಳು ತೂಗುತ್ತಿದ್ದವು. ಮೊದಲು ಎಲ್ಲವನ್ನೂ ನಿಲ್ಲಿಸಿಬಿಡಬೇಕು. ನಾನು ಕಣ್ಣು ಕಟ್ಟಿಕೊಂಡು ಮೊದಲನೆಯದರ ಕೆಳಗೆ ಮಲಗುತ್ತೇನೆ. ಅದೊಂದನ್ನೇ ಹಾಕಬೇಕು. ಅಂಕ ಹೇಳಿದ ಮೇಲೆ ಅದನ್ನು ನಿಲ್ಲಿಸಬೇಕು. ನಾನು ಬಲಕ್ಕೆ ಎರಡು ಸುತ್ತು ಉರುಳಿ ಎರಡನೆಯದರ ಕೆಳಗೆ ಹೋಗುತ್ತೇನೆ.

"ನೆಲದ ಮೇಲಾ ಸಾರ್?"

"ನೆಲದ ಮೇಲೆ!"

"ರೀ, ಜನ ನೋಡ್ತಿದ್ದಾರೆ," ಎಂದು ಹೆಂಡತಿ ಹಲ್ಲು ಕಚ್ಚಿಕೊಂಡು ಹೇಳಿದಳು.

"ನೋಡಲಿ. ಕಲಿತುಕೊಳ್ಳಲಿ."

ಕಪ್ಪು ಬಟ್ಟೆಯನ್ನು ಕಾರ್ಖಾನೆಯಿಂದಲೇ ತಂದಿದ್ದೆ. ಕಟ್ಟಿಕೊಂಡು ಮಲಗಿದೆ. ಪರೀಕ್ಷೆ ಆರಂಭವಾಯಿತು. ಮೊದಲನೆಯದು ನಲವತ್ತನಾಲ್ಕು, ಅದರ ಗಾಳಿ ಅರ್ಧ ದಾರಿಗೆ ಬಂದು ಮನಸ್ಸು ಬದಲಾಯಿಸುತ್ತಿತ್ತು. ಎರಡನೆಯದು ಮೂವತ್ತೊಂಬತ್ತು, ಸದ್ದು ಹೆಚ್ಚು, ಸರಕು ಕಡಿಮೆ. ಮೂರನೆಯದಕ್ಕೆ ಉರುಳುವಾಗ ಲೆಕ್ಕ ತಪ್ಪಿ ಯಾರದೋ ಚಪ್ಪಲಿಗೆ ಮುಖ ಕೊಟ್ಟೆ. "ಸ್ವಲ್ಪ ಎಡಕ್ಕೆ ರೀ," ಎಂದು ಹೆಂಡತಿ ನನ್ನನ್ನು ಬೆರಳ ತುದಿಯಿಂದ ತಳ್ಳಿ ಸರಿಮಾಡಿದಳು. ಐದನೆಯದಂತೂ ಗಾಳಿಯೇ ಅಲ್ಲ, ಬೈಗುಳ, ಮೂವತ್ತು ಕೊಟ್ಟೆ. ಆರನೆಯದು ಐವತ್ತೊಂದಕ್ಕೆ ಬಂದಾಗ, "ಸಾರ್, ಇದೇ ತಗೊಳ್ಳಿ, ಫಸ್ಟ್ ಬಂದಿದೆ," ಎಂದು ಸೇಲ್ಸ್‌ಮನ್ ಗೋಗರೆದ. ನಾನು ಉರುಳಿಕೊಂಡು ಮುಂದೆ ಹೋದೆ.

ಏಳನೆಯದರ ಕೆಳಗೆ ಮೈ ಚಾಚಿದ್ದಷ್ಟೇ, ಅಂಗಡಿಯಲ್ಲಿ ಹಾಡುತ್ತಿದ್ದ ರೇಡಿಯೋ ಗಪ್ಪನೆ ನಿಂತಿತು. ಎಲ್ಲೆಡೆ ನಿಶ್ಶಬ್ದ. ನನ್ನ ಪರೀಕ್ಷೆಗೆ ಅಂಗಡಿಯವರು ಕೊಟ್ಟ ಗೌರವ ಎಂದುಕೊಂಡೆ.

"ಏಳನೆಯದು ಹಾಕಿ!" ಎಂದು ಆಜ್ಞಾಪಿಸಿದೆ.

ಏನೂ ಆಗಲಿಲ್ಲ. ಬೆವರು ಹಣೆಯಿಂದ ಕಿವಿಗೆ, ಕಿವಿಯಿಂದ ಕತ್ತಿಗೆ ಇಳಿಯತೊಡಗಿತು. ಯಾರೋ ಪಿಸುಗುಟ್ಟಿದರು.

"ಯಾಕೆ ತಡ? ಹಾಕಿ!" ಎಂದು ಮತ್ತೆ ಕೂಗಿದೆ.

ಆಗ ಬಂತು! ಆಹಾ, ಅದನ್ನು ಏನೆಂದು ಬಣ್ಣಿಸಲಿ? ಸದ್ದಿಲ್ಲ, ಗದ್ದಲವಿಲ್ಲ, ಅಬ್ಬರವಿಲ್ಲ. ಹಣೆಯ ಬೆವರನ್ನು ಮೆತ್ತಗೆ ಕೇಳಿ ಒಪ್ಪಿಗೆ ಪಡೆದು ಒಯ್ಯುವಂಥ ಗಾಳಿ! ನನಗೆ ಎಲ್ಲಿ ಸೆಖೆಯೋ ಅಲ್ಲಿಗೇ ಬರುತ್ತಿತ್ತು. ಕತ್ತು ತಿರುಗಿಸಿದರೆ ಕತ್ತಿಗೆ. ಕೈ ಎತ್ತಿದರೆ ಕಂಕುಳಿಗೆ! ಸ್ವಲ್ಪ ಹೊತ್ತು ಎಡಗಡೆಯಿಂದ ಬೀಸಿದ್ದು, ಒಂದು ಕ್ಷಣ ನಿಂತು, ಬಲಗಡೆಯಿಂದ ಬೀಸತೊಡಗಿತು.

"ಇದೇನಿದು? ಎಡದಿಂದ ಬರ್ತಿದ್ದ ಗಾಳಿ ಈಗ ಬಲದಿಂದ ಬರ್ತಿದೆಯಲ್ಲ!"

ಸೇಲ್ಸ್‌ಮನ್ ಕೆಮ್ಮಿದ. "ಅದು... ಹೊಸ ಟೆಕ್ನಾಲಜಿ ಸಾರ್."

"ತೊಂಬತ್ತೆಂಟು!" ಎಂದು ನಾನು ನೆಲದ ಮೇಲಿಂದಲೇ ಗರ್ಜಿಸಿದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. "ನೂರೇ ಕೊಡ್ತಿದ್ದೆ. ಆದರೆ ಆಗಾಗ ಸಣ್ಣಗೆ ಝಿಲ್ ಝಿಲ್ ಅನ್ನುತ್ತೆ. ಅದಕ್ಕೆ ಎರಡು ಅಂಕ ಕಡಿತ."

ಅಷ್ಟರಲ್ಲಿ ರೇಡಿಯೋ ಮತ್ತೆ ಹಾಡತೊಡಗಿತು. ನನ್ನ ತೀರ್ಪನ್ನು ಸಂಭ್ರಮಿಸುತ್ತಿದ್ದಾರೆಂದು ತಿಳಿದೆ. ಕಣ್ಣಿನ ಬಟ್ಟೆ ಬಿಚ್ಚಿ ನೋಡಿದರೆ ಏಳನೆಯ ಫ್ಯಾನು ತಲೆಯ ಮೇಲೆ ಗಂಭೀರವಾಗಿ ತಿರುಗುತ್ತಿತ್ತು. ಹೆಂಡತಿ ಸ್ವಲ್ಪ ದೂರದಲ್ಲಿ ಮುಖ ಕೆಂಪಗೆ ಮಾಡಿಕೊಂಡು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಸೇಲ್ಸ್‌ಮನ್ ಅವಳಿಗೆ ಏನೋ ಕಣ್ಣುಸನ್ನೆ ಮಾಡಿ, ನನ್ನತ್ತ ತಿರುಗಿ, "ಇದನ್ನೇ ಪ್ಯಾಕ್ ಮಾಡ್ಲಾ ಸಾರ್?" ಎಂದ.

"ಇದನ್ನೇ!"

ದಾರಿಯುದ್ದಕ್ಕೂ ಹೆಂಡತಿಯ ಮಾತು ಒಂದೇ.

"ರೀ, ನಿಜವಾಗ್ಲೂ ತೊಂಬತ್ತೆಂಟಾ?"

"ನಿಜವಾಗ್ಲೂ."

"ಸುಮ್ಮನೆ ಬಾಯಿಗೆ ಬಂದಿದ್ದು ಹೇಳಿದ್ದಲ್ಲ ತಾನೇ?"

"ನಾನು ಇಪ್ಪತ್ತು ವರ್ಷದಿಂದ ಅಂಕ ಕೊಡ್ತಿದೀನಿ ಕಣೇ. ಇಂಥ ಗಾಳಿ ಎಲ್ಲೂ ಸಿಗಲಿಲ್ಲ."

"ಏನು ಅಷ್ಟು ಚೆನ್ನಾಗಿತ್ತು ಅದ್ರಲ್ಲಿ? ಇನ್ನೊಂದು ಸಲ ಹೇಳಿ."

ನಾನು ಇನ್ನೊಂದು ಸಲ ಹೇಳಿದೆ. ಮನೆ ಮುಟ್ಟುವಷ್ಟರಲ್ಲಿ ನಾಲ್ಕು ಸಲ ಹೇಳಿಸಿದಳು. ಹೆಂಡತಿ ನನ್ನ ಆಯ್ಕೆಯನ್ನು ಇಷ್ಟು ಆದರದಿಂದ ವಿಚಾರಿಸಿದ್ದು ಅದೇ ಮೊದಲು. ನನ್ನ ಎದೆ ಉಬ್ಬಿ ಶರ್ಟಿನ ಗುಂಡಿ ಕಿತ್ತುಬರುವಂತಾಯಿತು.

ಸಂಜೆ ವೈರ್‌ಮನ್ ಬಂದು ಫ್ಯಾನು ತೂಗುಹಾಕಿ ಸ್ವಿಚ್ಚು ಒತ್ತಿದ. ಗಾಳಿ ಬಂತು. ಮೇಲಿನಿಂದ ಬಂತು. ಬರೀ ಮೇಲಿನಿಂದ!

"ಎಡದಿಂದ ಯಾವಾಗ ಬರುತ್ತೆ?" ಎಂದು ಕೇಳಿದೆ.

"ಏನು ಸಾರ್?"

"ಗಾಳಿ. ಮೊದಲು ಎಡದಿಂದ, ಆಮೇಲೆ ಬಲದಿಂದ."

ವೈರ್‌ಮನ್ ನನ್ನನ್ನು ನೋಡಿದ, ಫ್ಯಾನನ್ನು ನೋಡಿದ, ಕೊನೆಗೆ ಏಣಿಯನ್ನು ಭುಜಕ್ಕೇರಿಸಿ, "ಸಾರ್, ನಾನು ಮಾಡೋದು ವೈರಿಂಗ್ ಕೆಲಸ ಮಾತ್ರ," ಎಂದು ಹೊರಟ. ನಾನು ಅವನನ್ನು ಹಿಡಿದು ನಿಲ್ಲಿಸಿ ಹೊಸ ರೆಗ್ಯುಲೇಟರು ಹಾಕಿಸಿದೆ. ಮರುದಿನ ಹೊಸ ಕೆಪಾಸಿಟರು ಹಾಕಿಸಿದೆ. ಮೂರನೆಯ ದಿನ ಫ್ಯಾನು ಹಾಗೇ ಇರಲೆಂದು, ಸೆಖೆಗೆ ನಡುಮನೆಗೇ ತಂದು ಹಾಕಿಕೊಂಡಿದ್ದ ಮಂಚವನ್ನೇ ಎಡಕ್ಕೆ, ಬಲಕ್ಕೆ ಎಳೆದಾಡಿ ನೋಡಿದೆ. ನನ್ನ ಸೊಂಟ ಹಿಡಿದುಕೊಂಡಿತು, ಗಾಳಿ ಹಿಡಿತಕ್ಕೆ ಬರಲಿಲ್ಲ. ನಲವತ್ತೊಂದು ಅಂಕ ದಾಟಲಿಲ್ಲ!

ಭಾವಮೈದ ಬಂದು ಫ್ಯಾನಿನ ಕೆಳಗೆ ಕಾಲು ಚಾಚಿ ಕುಳಿತ. "ಗಾಳಿ ಚೆನ್ನಾಗೇ ಇದೆಯಲ್ಲ ಭಾವ," ಎಂದ.

"ನಿನಗೇನು ಗೊತ್ತು? ಅವತ್ತು ಅಂಗಡಿಯಲ್ಲಿ ಬಂದ ಗಾಳಿ ನೀನು ಕಂಡಿಲ್ಲ. ಅದು ಮನಸ್ಸು ತಿಳ್ಕೊಂಡು ಬೀಸ್ತಿತ್ತು!"

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ತಟ್ಟನೆ ನಿಂತಿತು. ಹೆಂಡತಿ ಬಾಗಿಲಿಗೆ ಬಂದು ನಿಂತು, "ಅದೇನು ಮಾಡ್ತಿತ್ತು ಅಂದ್ರಿ?" ಎಂದಳು. ನಾನು ಭಾವಮೈದನಿಗೆ ಕೇಳಿಸುವಂತೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವಳು ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತು ಕೇಳಿಸಿಕೊಂಡಳು.

ಐದನೆಯ ದಿನ ನನಗೆ ಹೊಳೆಯಿತು: ಅಂಗಡಿಯಲ್ಲಿ ಗಾಳಿ ಹತ್ತಿರದಿಂದ ಬಂದಿತ್ತು! ವೈರ್‌ಮನ್‌ನನ್ನು ಕಾಡಿ ಬೇಡಿ ಕರೆಸಿ ಫ್ಯಾನನ್ನು ಎರಡು ಅಡಿ ಕೆಳಗಿಳಿಸಿದೆ. "ಬೇಡ ಸಾರ್," ಎಂದು ಅವನು ಮೂರು ಸಲ ಹೇಳಿದ. ಮರುದಿನ ಬೆಳಿಗ್ಗೆ ನಾನು ಎದ್ದು, ಮಂಚದ ಮೇಲೆ ನಿಂತು, ಹೊದಿಕೆಯನ್ನು ಕೊಡವಿದೆ. ಫ್ಯಾನು ಅದರ ಒಂದು ತುದಿಯನ್ನು ಹಿಡಿದುಕೊಂಡಿತು. ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ನಮ್ಮಿಬ್ಬರ ನಡುವೆ ಹಗ್ಗಜಗ್ಗಾಟ ನಡೆಯಿತು. ಗೆದ್ದದ್ದು ಫ್ಯಾನು! ಹೊದಿಕೆ ಇಡೀ ಕೋಣೆಯನ್ನು ಒಂದು ಸುತ್ತು ಸವರಿ, ಗೋಡೆ ಗಡಿಯಾರವನ್ನು ಎತ್ತಿಕೊಂಡು, ಕಿಟಕಿಯಿಂದಾಚೆ ಹಾರಿ, ಪಕ್ಕದ ಮನೆಯವರ ಜಗುಲಿಯಲ್ಲಿ ಬಿತ್ತು. ಅವರು ಅಲ್ಲಿ ಪೇಪರು ಓದುತ್ತಾ ಕುಳಿತಿದ್ದರು. ಎದ್ದು ಗಡಿಯಾರವನ್ನು ನೋಡಿ, "ಇನ್ನೂ ನಡೀತಿದೆ ರೀ," ಎಂದು ಕೂಗಿ ಹೇಳಿದರು.

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಮಾದರಿ ಒಂದು ತೋರಿಸಿ ಮಾಲು ಇನ್ನೊಂದು ಕೊಟ್ಟಿದ್ದೀರಿ ಎಂದು ಫ್ಯಾನಿನ ಕಂಪನಿಗೆ ಹನ್ನೊಂದು ಪುಟಗಳ ದೂರು ಬರೆದೆ. ಬರೆಯುವಾಗ ಹೆಂಡತಿ ಎದುರಿಗೆ ಕುಳಿತು ಉಗುರು ಕಚ್ಚುತ್ತಿದ್ದಳು.

"ರೀ, ಬೇಡ ಬಿಡಿ. ಇದೇ ಸಾಕು."

"ಸಾಕೇ? ನಿನ್ನ ತಮ್ಮ ಗೆದ್ದುಬಿಡಲಿ ಅಂತಾನಾ? ಸತ್ಯ ಹೊರಗೆ ಬರಲೇಬೇಕು!"

ಅವಳು ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡು ಅಡುಗೆಮನೆಗೆ ಎದ್ದುಹೋದಳು.

ಹತ್ತನೆಯ ದಿನ ಕಂಪನಿಯಿಂದ ಇಂಜಿನಿಯರಮ್ಮ ಬಂದರು. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಗಾಳಿ ಅಳೆಯುವ ಯಂತ್ರ, ಕಂಕುಳಲ್ಲಿ ಫಾರಂ ಕಟ್ಟು. ಫ್ಯಾನಿನ ಕೆಳಗೆ ನಾಲ್ಕು ಕಡೆ ಯಂತ್ರ ಹಿಡಿದು, ಬರೆದುಕೊಂಡು, "ಎಲ್ಲಾ ಸರಿಯಾಗಿದೆ," ಎಂದರು.

"ಯಂತ್ರಕ್ಕೇನು ಗೊತ್ತು ಮೇಡಂ? ನನ್ನ ಮುಖಕ್ಕೆ ಗೊತ್ತು! ಪರೀಕ್ಷೆ ಹೇಗೆ ಮಾಡಬೇಕು ಅಂತ ನಾನು ತೋರಿಸ್ತೀನಿ."

ಕಪ್ಪು ಬಟ್ಟೆ ಕಟ್ಟಿಕೊಂಡು ನಡುಮನೆಯ ನೆಲದ ಮೇಲೆ ಮಲಗಿದೆ. ಫ್ಯಾನು ತಿರುಗಿತು. "ನಲವತ್ತೊಂದು," ಎಂದೆ. ಇಂಜಿನಿಯರಮ್ಮ ವೇಗ ಹೆಚ್ಚಿಸಿದರು. "ಮೂವತ್ತೆಂಟು!" ಕಡಿಮೆ ಮಾಡಿದರು. "ನಲವತ್ತು!" ಅವರು ನಿಟ್ಟುಸಿರು ಬಿಟ್ಟು ಫ್ಯಾನು ನಿಲ್ಲಿಸಿದರು.

"ಅಂಗಡಿಯಲ್ಲಿ ತೊಂಬತ್ತೆಂಟು ಬಂತು ಅಂತ ಬರೆದಿದ್ದೀರಿ. ಆಗ ವೋಲ್ಟೇಜ್ ಎಷ್ಟಿತ್ತೋ ಕೇಳೋಣ ಇರಿ," ಎಂದು ಅಂಗಡಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಅತ್ತ ಕಡೆ ಸೇಲ್ಸ್‌ಮನ್‌ನ ಧ್ವನಿ.

"ನೆಲದ ಮೇಲೆ ಉರುಳ್ಕೊಂಡು ಹೋದ್ರಲ್ಲ, ಆ ಸಾರಾ? ಅವರನ್ನ ಮರೆಯೋಕಾಗುತ್ತಾ ಮೇಡಂ!"

"ಅವರು ಏಳನೇ ಫ್ಯಾನ್ ಟೆಸ್ಟ್ ಮಾಡಿದಾಗ ವೋಲ್ಟೇಜ್ ಎಷ್ಟಿತ್ತು?"

"ವೋಲ್ಟೇಜಾ? ಆಗ ಕರೆಂಟೇ ಇರ್ಲಿಲ್ಲ ಮೇಡಂ!"

ಇಂಜಿನಿಯರಮ್ಮನ ಪೆನ್ನು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

"ಮತ್ತೆ ಗಾಳಿ ಎಲ್ಲಿಂದ ಬಂತು?"

"ಅದನ್ನ... ಅವರ ಮನೆಯವರನ್ನೇ ಕೇಳಿ ಮೇಡಂ," ಎಂದು ಅವನು ಫೋನು ಇಟ್ಟುಬಿಟ್ಟ.

ಹೆಜ್ಜೆಯ ಸಪ್ಪಳ ನನ್ನ ಹತ್ತಿರ ಬಂತು. ಯಾರೋ ಪಕ್ಕದಲ್ಲಿ ಕುಳಿತರು. ಆಮೇಲೆ ಬಂತು ಗಾಳಿ. ಸದ್ದಿಲ್ಲ, ಗದ್ದಲವಿಲ್ಲ. ಹಣೆಗೆ, ಕಿವಿಗೆ, ಕತ್ತಿಗೆ. ಮೊದಲು ಎಡದಿಂದ, ಒಂದು ಕ್ಷಣ ಬಿಟ್ಟು ಬಲದಿಂದ. ನಡುನಡುವೆ ಸಣ್ಣಗೆ ಝಿಲ್ ಝಿಲ್.

ಕಣ್ಣಿನ ಬಟ್ಟೆ ಬಿಚ್ಚಲು ನನಗೆ ಧೈರ್ಯವೇ ಬರಲಿಲ್ಲ.

"ಬಳೆ ರೀ ಅದು," ಎಂದಳು ಹೆಂಡತಿ. "ಅದಕ್ಕೆ ಎರಡು ಅಂಕ ಕಟ್ ಮಾಡಿದ್ರಿ."

"ಯಾಕೆ... ಯಾಕೆ ಬೀಸಿದೆ?"

"ಕರೆಂಟ್ ಹೋಯ್ತು. ಅಷ್ಟು ಜನರ ಮಧ್ಯೆ ಕಣ್ಣು ಕಟ್ಕೊಂಡು, ಬೆವರು ಸುರಿಸ್ಕೊಂಡು, 'ಹಾಕಿ ಹಾಕಿ' ಅಂತ ಕೂಗ್ತಾ ಬಿದ್ದಿದ್ರಿ. ಪಾಪ ಅನ್ನಿಸ್ತು. ಅಲ್ಲೇ ಇದ್ದ ರಟ್ಟು ತಗೊಂಡು ಬೀಸಿದೆ. ಒಂದು ಕೈ ನೋಯ್ತು ಅಂತ ಇನ್ನೊಂದು ಕೈಗೆ ತಗೊಂಡೆ."

"ಅಲ್ಲೇ ಹೇಳೋದಲ್ವಾ? ಹತ್ತು ದಿನ ನಾನು ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡೆನಲ್ಲ!"

ಗಾಳಿ ನಿಂತಿತು.

"ಹೇಳಬೇಕು ಅಂತಲೇ ಇದ್ದೆ," ಎಂದಳು. ಧ್ವನಿ ಸಣ್ಣಗಾಗಿತ್ತು. "ಹದಿನಾಲ್ಕು ವರ್ಷದಲ್ಲಿ ನಾನು ಮಾಡಿದ ಯಾವುದಕ್ಕೂ ನೀವು ಅರವತ್ತೆರಡು ದಾಟಿಸಿದವರಲ್ಲ. ಅವತ್ತು ತೊಂಬತ್ತೆಂಟು ಅಂತ ಅಂಗಡಿಯೆಲ್ಲಾ ಕೇಳೋ ಹಾಗೆ ಕೂಗಿದ್ರಿ. ದಾರಿಯಲ್ಲಿ ಹೊಗಳಿದ್ರಿ. ನನ್ನ ತಮ್ಮನ ಮುಂದೆ ಹೊಗಳಿದ್ರಿ. ಇನ್ನೆರಡು ದಿನ ಕೇಳೋಣ, ಇನ್ನೆರಡು ದಿನ ಕೇಳೋಣ ಅಂತ ಸುಮ್ಮನಾದೆ."

ನಾಚಿಕೆಯಾಯಿತು, ನಿಜಕ್ಕೂ ನಾಚಿಕೆಯಾಯಿತು. ನಲವತ್ತು ಬಿಸ್ಕತ್ತುಗಳ ರುಚಿಯನ್ನು ಕಣ್ಣು ಮುಚ್ಚಿ ಹೇಳುವವನಿಗೆ ಮನೆಯೊಳಗಿನ ರುಚಿ ಹದಿನಾಲ್ಕು ವರ್ಷವಾದರೂ ಗೊತ್ತಾಗಿರಲಿಲ್ಲ. ಕಣ್ಣಿನ ಬಟ್ಟೆ ಬಿಚ್ಚಿದೆ. ಅವಳ ಕೈಯಲ್ಲಿ ಫ್ಯಾನಿನ ಪೆಟ್ಟಿಗೆಯ ಮುಚ್ಚಳವಿತ್ತು. ಇಂಜಿನಿಯರಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ.

"ಸೋತೆ," ಎಂದೆ. "ನನಗೆ ಆರಿಸೋಕೆ ಬರಲ್ಲ. ಫ್ರಿಜ್ಜು ನಿನ್ನ ತಮ್ಮನೇ ತರಲಿ."

"ಯಾಕೆ ರೀ ಹಾಗಂತೀರಿ? ಹತ್ತು ಫ್ಯಾನ್ ಇದ್ರೂ ಕಣ್ಣು ಕಟ್ಕೊಂಡು ನನ್ನನ್ನೇ ಆರಿಸಿದ್ರಲ್ಲ. ಇನ್ನೇನು ಬೇಕು?"

ನನ್ನಲ್ಲಿ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಫ್ರಿಜ್ಜು ನಾನೇ ಆರಿಸಲಾ?"

"ಅದಕ್ಕೆ ಕಣ್ಣು ಬಿಟ್ಕೊಂಡಿರೋರು ಬೇಕು. ನನ್ನ ತಮ್ಮ ಹೋಗ್ತಾನೆ."

ಇಂಜಿನಿಯರಮ್ಮ ಗಂಟಲು ಸರಿಮಾಡಿಕೊಂಡು ಫಾರಂ ತೆರೆದರು. ದೂರು ಬಂದ ಮೇಲೆ ಎಲ್ಲ ಅಂಕಣವನ್ನೂ ತುಂಬಲೇಬೇಕಂತೆ. "ಫ್ಯಾನಿನಲ್ಲಿ ದೋಷ: ಇಲ್ಲ," ಎಂದು ಓದುತ್ತಾ ಬರೆದರು. "ಗ್ರಾಹಕರು ಹೋಲಿಸಿದ ಮಾದರಿ: ಹೆಂಡತಿ." ಆಮೇಲೆ ಪೆನ್ನು ಎತ್ತಿ ಹಿಡಿದು ಕೇಳಿದರು, "ಕೊನೆಯ ಪ್ರಶ್ನೆ. ಏನಾದ್ರೂ ಬದಲಾಯಿಸಿ ಕೊಡಬೇಕಾ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು:

"ಫ್ಯಾನ್ ಏನೂ ಬೇಡಮ್ಮ, ಚೆನ್ನಾಗೇ ಇದೆ. ಆಗೋದಾದ್ರೆ ಈ ಗ್ರಾಹಕರನ್ನ ಬದಲಾಯಿಸಿ ಕೊಡಿ!"

ಇಂಜಿನಿಯರಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದು ನೋಡಿ, ಫಾರಂ ಮಡಚಿದರು.

"ಕ್ಷಮಿಸಿ ಅಕ್ಕ. ಹದಿನಾಲ್ಕು ವರ್ಷ ಬಳಸಿದ ಮಾಲನ್ನ ಯಾವ ಕಂಪನಿನೂ ವಾಪಸ್ ತಗೊಳಲ್ಲ."